ಕೈ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ?

ಮೊದಲ ಸಲ ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳನ್ನು ‘ಆಸ್ಪತ್ರೆಯಲ್ಲಿ ಸ್ವಚ್ಛತೆ ಎಂದರೇನು?’ ಎಂದು ಕೇಳಿದರೆ ಹೆಚ್ಚಿನವರು ನೆಲದ ಕಡೆ ನೋಡುತ್ತಾರೆ. ಫಿನೈಲ್ ವಾಸನೆ ಬಂದರೆ ಸಾಕು, ಆಸ್ಪತ್ರೆ ಶುಭ್ರವಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ನೆಲ ಒರೆಸಬೇಕು, ನಿಜ. ಆದರೆ ನೆಲದ ಮೇಲಿನ ರೋಗಾಣು ತಾನಾಗಿ ಎದ್ದು ಮಂಚ ಹತ್ತುವುದಿಲ್ಲ. ಅದನ್ನು ಹೊತ್ತೊಯ್ಯಲು ಯಾರಾದರೂ ಬೇಕು. ಬಹುಪಾಲು ಸಲ ಆ ಕೆಲಸ ಮಾಡುವುದು ನಮ್ಮ ಕೈ.

ಒಂದು ಕಾಯಿಲೆಗೆಂದು ದಾಖಲಾದವರಿಗೆ ಆಸ್ಪತ್ರೆಯಲ್ಲೇ ಇನ್ನೊಂದು ಅಂಟಿಕೊಳ್ಳುವುದು ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ದಾಖಲಾಗುವ 100 ಜನರಲ್ಲಿ 7 ಮಂದಿಗೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ ಹೀಗಾಗುತ್ತದೆ.

ಕೈಯೇ ಕಾರಣ ಎಂದು ಮೊದಲು ಲೆಕ್ಕವಿಟ್ಟು ತೋರಿಸಿದವರಲ್ಲಿ ಒಬ್ಬರು ಇಗ್ನಾಜ್ ಸೆಮ್ಮೆಲ್‌ವೈಸ್. ಅವರು ವೈದ್ಯರಾಗಿದ್ದ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರಕ್ಕೆ ಹೆಚ್ಚು ತಾಯಂದಿರು ಸಾಯುತ್ತಿದ್ದದ್ದು ವಿದ್ಯಾರ್ಥಿಗಳಿದ್ದ ಕಡೆ. 1847ರಲ್ಲಿ ಅವರ ಸ್ನೇಹಿತ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗುಲಿ ತೀರಿಕೊಂಡರು. ಅವರ ದೇಹದಲ್ಲಿ ಕಂಡದ್ದು ಸತ್ತ ಬಾಣಂತಿಯರಲ್ಲಿ ಕಂಡ ಲಕ್ಷಣಗಳೇ. ಅಲ್ಲಿಗೆ ಸೆಮ್ಮೆಲ್‌ವೈಸ್‌ಗೆ ದಾರಿ ಹೊಳೆಯಿತು. ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು! ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದು ಎಂದು ನಿಯಮ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಹಲವರಿಗೆ ಈ ಮಾತು ಹಿಡಿಸಲಿಲ್ಲ. ರೌಂಡ್ಸಿನಲ್ಲಿ ‘ಸಾರ್, ಹ್ಯಾಂಡ್ ರಬ್’ ಎಂದು ಬಾಟಲಿ ಮುಂದೆ ಹಿಡಿಯಲು ಇವತ್ತಿಗೂ ಒಂದಿಷ್ಟು ಧೈರ್ಯ ಬೇಕಾಗುತ್ತದೆ, ಇರಲಿ.

ಈಗ ಒಂದು ಮಂಚದ ಹತ್ತಿರ ಹೋಗೋಣ. ಆಪರೇಷನ್ ಆದ ಅಜ್ಜನೊಬ್ಬ ಮಲಗಿದ್ದಾನೆ ಎನ್ನಿ. ಕೈಗೆ ಕ್ಯಾನ್ಯುಲಾ ಹಾಕಿದೆ, ಮೂತ್ರಕ್ಕೆ ಕ್ಯಾಥೆಟರ್ ಇದೆ. ನೀವು ಫೈಲ್ ಹಿಡಿದು, ಜೇಬಿನ ಪೆನ್ ತೆಗೆದು, ಪರದೆ ಸರಿಸಿ ಒಳಗೆ ಬಂದಿರಿ. ಈ ಮೂರನ್ನೂ ಬೆಳಗಿನಿಂದ ಎಷ್ಟೋ ಕೈಗಳು ಮುಟ್ಟಿವೆ. ಆದ್ದರಿಂದ ಅಜ್ಜನ ನಾಡಿ ಹಿಡಿಯುವ ಮುಂಚೆ ಕೈ ಶುಚಿಯಾಗಬೇಕು. ನಾಡಿ ನೋಡಿದ ಅದೇ ಕೈಯಲ್ಲಿ ಕ್ಯಾನ್ಯುಲಾದ ಮುಚ್ಚಳ ತೆಗೆಯಲು ಹೊರಟಿರೋ, ನಿಲ್ಲಿ. ಚರ್ಮದ ಮೇಲೆ ತೆಪ್ಪಗಿರುವ ಸ್ಟೆಫಿಲೊಕಾಕಸ್ ರಕ್ತಕ್ಕೆ ಇಳಿದರೆ ಕಥೆಯೇ ಬೇರೆ. ಮತ್ತೆ ಕೈ ಶುಚಿ ಮಾಡಿ, ಕ್ಯಾನ್ಯುಲಾದ ಬಾಯಿಯನ್ನು ಸ್ಪಿರಿಟ್ ಸ್ವ್ಯಾಬ್‌ನಿಂದ ಚೆನ್ನಾಗಿ ತಿಕ್ಕಿ, ಅದು ಆರಿದ ಮೇಲೆ ಸಿರಿಂಜ್ ಹಾಕಿ. ಮೂತ್ರದ ಚೀಲ ಖಾಲಿ ಮಾಡಿದ ಮೇಲೆ ಇನ್ನೊಮ್ಮೆ. ಅಜ್ಜನನ್ನು ಬಿಟ್ಟು ಹೊರಡುವಾಗ ಮತ್ತೊಮ್ಮೆ. ಅವನನ್ನು ಮುಟ್ಟದೆ ಬರೀ ಮಂಚದ ಕಂಬಿಯನ್ನೋ ಲಾಕರನ್ನೋ ಮುಟ್ಟಿ ಬಂದರೂ ಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದ ಐದು ಸಂದರ್ಭಗಳು ಇವೇ. ಉರು ಹೊಡೆದರೆ ಪರೀಕ್ಷೆಗೆ ಆಗುತ್ತದೆ. ವಾರ್ಡಿನಲ್ಲಿ ಮಾತ್ರ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕೈ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ?

ಆಲ್ಕೋಹಾಲಿನ ಹ್ಯಾಂಡ್ ರಬ್ ಆದರೆ 20–30 ಸೆಕೆಂಡು, ಸೋಪು ನೀರಾದರೆ ಒರೆಸಿಕೊಳ್ಳುವುದೂ ಸೇರಿ 40–60 ಸೆಕೆಂಡು. ಅವಸರದಲ್ಲಿ ತಪ್ಪಿಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ. ಉಂಗುರ, ವಾಚು, ಬಳೆ ತೆಗೆದಿಡಿ. ಕೈಗೆ ಕೊಳೆ ಕಾಣುವಂತೆ ಅಂಟಿದ್ದರೆ, ಅಥವಾ ಭೇದಿಯಾಗುತ್ತಿರುವ ರೋಗಿಯ ಆರೈಕೆ ಮಾಡಿ ಬಂದಿದ್ದರೆ, ಹ್ಯಾಂಡ್ ರಬ್ ಸಾಲದು. ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೈಲ್‌ನಂಥ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಅವನ್ನು ಸೋಪು ಹಚ್ಚಿ ತೊಳೆದು ಕಳೆಯಬೇಕು. ಅಷ್ಟೆಲ್ಲ ತೊಳೆದ ಮೇಲೆ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಗ್ಲೌಸ್ ಹಾಕಿದ್ದೇನಲ್ಲ ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಗ್ಲೌಸ್ ಕಾಪಾಡುವುದು ಮುಖ್ಯವಾಗಿ ಹಾಕಿಕೊಂಡವರನ್ನು. ಅದೇ ಗ್ಲೌಸಿನಲ್ಲಿ ಪಕ್ಕದ ಮಂಚಕ್ಕೆ ಹೋದರೆ, ಫೋನ್ ಎತ್ತಿದರೆ, ಬಾಗಿಲು ತೆರೆದರೆ, ಬರಿಗೈಗಿಂತ ಅದೇನೂ ಮೇಲಲ್ಲ. ಕಳಚಿದ ಮೇಲೂ ಕೈ ತೊಳೆಯಲೇಬೇಕು.

ದೇಹದೊಳಗೆ ಹೋಗುವ ಪ್ರತಿಯೊಂದು ನಳಿಕೆಯೂ ರೋಗಾಣುವಿಗೆ ತೆರೆದಿಟ್ಟ ಹಾದಿ. ಎಕ್ಸ್-ರೇಗೆ ಕರೆದೊಯ್ಯುವಾಗ ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರ್ ತಳ್ಳುವುದನ್ನು ನೀವೂ ನೋಡುತ್ತೀರಿ. ಚೀಲ ಮೇಲಿದ್ದರೆ ಅದರಲ್ಲಿರುವುದು ಮೂತ್ರಕೋಶಕ್ಕೇ ಮರಳುತ್ತದೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೂ ತಾಗಬಾರದು. ಅದಕ್ಕಿಂತ ಮುಖ್ಯ, ದಿನವೂ ರೌಂಡ್ಸಿನಲ್ಲಿ ‘ಸಾರ್, ಇದು ಇವತ್ತೂ ಬೇಕಾ?’ ಎಂದು ಕೇಳುವುದು. ತೆಗೆಯಲು ಮರೆತುಹೋದ ಕ್ಯಾಥೆಟರಿನಿಂದ ಬರುವ ಸೋಂಕಿಗೆ ನೆಪ ಹೇಳುವಂತಿಲ್ಲ.

ಎಲ್ಲವೂ ಕೈಯಿಂದಲೇ ಹರಡುವುದಿಲ್ಲ. ಕ್ಷಯ, ದಡಾರ, ಸಿಡುಬಿನಂತೆ ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್ ಗಾಳಿಯಲ್ಲಿ ತೇಲಿ ಬರುತ್ತವೆ. ಅಲ್ಲಿ ನಿಮಗೆ ಎನ್95, ರೋಗಿಗೆ ಸಾದಾ ಸರ್ಜಿಕಲ್ ಮಾಸ್ಕ್, ಕೋಣೆಗೆ ಗಾಳಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಆಗ ಇದನ್ನು ಇನ್ನಷ್ಟು ನೆನಪಿಡಿ.

ನಿಮ್ಮ ರಕ್ಷಣೆಯ ಮಾತೂ ಒಂದಿದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಎಷ್ಟೋ ಸಲ ಚುಚ್ಚಿಕೊಳ್ಳುವುದು ಆಗಲೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅದು ಸೂಜಿ ತೂರದ ಬಿಳಿ ಡಬ್ಬಿಗೆ ಹೋಗಬೇಕು. ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಬೇಕು. ಹೆಪಟೈಟಿಸ್-ಬಿ ಲಸಿಕೆಯನ್ನಂತೂ ವಾರ್ಡಿಗೆ ಕಾಲಿಡುವ ಮುಂಚೆಯೇ ಹಾಕಿಸಿಕೊಳ್ಳಿ.

ಕೊನೆಯದು, ಪುಸ್ತಕದಲ್ಲಿ ಅಷ್ಟಾಗಿ ಸಿಗದ ವಿಷಯ: ರೋಗಿಯ ಕಡೆಯವರು. ನಮ್ಮ ಆಸ್ಪತ್ರೆಗಳಲ್ಲಿ ಉಣಿಸುವವರು, ಮಗ್ಗುಲು ಬದಲಿಸುವವರು, ಬೆಡ್‌ಪ್ಯಾನ್ ಕೊಡುವವರು ಅವರೇ. ಎರಡು ದಿನದಲ್ಲಿ ಪಕ್ಕದ ಮಂಚದವರೂ ನೆಂಟರಂತಾಗಿ ಅವರ ಕೆಲಸಕ್ಕೂ ಕೈಹಾಕುತ್ತಾರೆ. ಗದರಿಸಿ ಹೊರಗೆ ಕಳಿಸಿದರೆ ರೋಗಿ ಉಪವಾಸ. ‘ಅಮ್ಮಾ, ಆ ಅಜ್ಜಿಗೆ ಊಟ ಮಾಡಿಸಿದ್ದು ಒಳ್ಳೇದಾಯ್ತು. ನಿಮ್ಮ ಯಜಮಾನ್ರನ್ನ ಮುಟ್ಟೋ ಮುಂಚೆ ಕೈ ತೊಳ್ಕೊಂಡು ಬನ್ನಿ, ಹೊಲಿಗೆ ಇನ್ನೂ ಹಸಿ ಇದೆ’ ಎಂದು ಕಾರಣ ಸಮೇತ ಹೇಳಿ, ಸಿಂಕ್ ಎಲ್ಲಿದೆ ಎಂದೂ ತೋರಿಸಿ. ಅಲ್ಲಿ ಸೋಪು ಇದೆಯೇ ಎಂದು ನೀವು ಮೊದಲೇ ನೋಡಿರಬೇಕು.