ಆಕರಕೋಶದ ಶಕ್ತಿ ಮತ್ತು ಎಚ್ಚರ

ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶವೇ ಬಹುಶಕ್ತ ಆಕರಕೋಶ, ಅಂದರೆ ಸ್ಟೆಮ್ ಸೆಲ್. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ನಾಲ್ಕು ವಂಶವಾಹಿಗಳನ್ನು ಸೇರಿಸಿ, ಇಲಿಯ ಬಾಲದ ಪಕ್ವಕೋಶಗಳನ್ನು ಈ ಮೂಲಸ್ಥಿತಿಗೆ ಮರಳಿಸಿದರು. ಆ ನಾಲ್ಕರಲ್ಲಿ ಒಂದಾದ ಸಿ-ಮಿಕ್, ಹಿಡಿತ ತಪ್ಪಿದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಅವರ ತಂಡವು, ಇಲಿಯ ಭ್ರೂಣಕೋಶಗಳ ಬಹುಶಕ್ತಿಯನ್ನು ಕಾಯುವ ವಂಶವಾಹಿಯೊಂದನ್ನು 2013ರಲ್ಲಿ ವಿವರಿಸಿತು. ಅದರ ಹೆಸರು ಅಸೃಜ್. ಆಯುರ್ವೇದವೂ ರಕ್ತಧಾತುವನ್ನು ಇದೇ ಪದದಿಂದ ಕರೆಯುತ್ತದೆ.

ಇವು ಪ್ರಯೋಗಾಲಯದ ಸಾಧನೆಗಳು. ಆದ್ದರಿಂದ ಪೀಣ್ಯದ ಕಾರ್ಮಿಕ ಬಂಧುಗಳೂ ವೈಟ್‌ಫೀಲ್ಡಿನ ಉದ್ಯೋಗಿಗಳೂ ಮಧುಮೇಹ ನಿವಾರಣೆಯ ಜಾಹೀರಾತು ನಂಬಿ ಸಾಲ ಮಾಡಬಾರದು. ರಾಷ್ಟ್ರೀಯ ಮಾರ್ಗಸೂಚಿಯಂತೆ, ಅನುಮೋದನೆಯಿಲ್ಲದ ಆಕರಕೋಶ ಚಿಕಿತ್ಸೆಯನ್ನು ನೋಂದಾಯಿತ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಅನುಮೋದನೆಯ ಪತ್ರವನ್ನು ಮೊದಲು ಕೇಳಿರಿ.