ಹಾಳೆ ತಟ್ಟೆಯ ಊಟ ಮುಗಿದ ಮೇಲೆ



ಐದು ರೊಟ್ಟಿ, ಎರಡು ಮೀನುಗಳ ಪ್ರಸಂಗ ನಮಗೆಲ್ಲ ಗೊತ್ತು. ಜನರು ಉಂಡು ತೃಪ್ತರಾದ ಮೇಲೆ, ಉಳಿದ ತುಂಡುಗಳನ್ನು ಒಂದೂ ಹಾಳಾಗದಂತೆ ಕೂಡಿಸಿಡಲು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಅದ್ಭುತದ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಈ ಕೊನೆಯ ಕೆಲಸವನ್ನು ಮಾತ್ರ ಮರೆತುಬಿಡುತ್ತೇವೆ.

ಮೊದಲ ಪರಮಪ್ರಸಾದ, ಮದುವೆ, ಧರ್ಮಕೇಂದ್ರದ ಹಬ್ಬದ ಊಟಗಳಲ್ಲಿ ಈಗ ಅಡಿಕೆ ಹಾಳೆಯ ತಟ್ಟೆ ಕಾಣಿಸುತ್ತಿದೆ. ಒಳ್ಳೆಯದೇ. ಇದಕ್ಕಾಗಿ ಯಾರೂ ಮರ ಕಡಿಯುವುದಿಲ್ಲ. ಸೋಗೆ ಒಣಗಿ ತಾನಾಗಿ ಬಿದ್ದಾಗ, ಅದರ ಬುಡದ ಹಾಳೆಯನ್ನು ಆಯ್ದು, ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತುತ್ತಾರೆ. ಅಂಟು ಬೇಕಿಲ್ಲ, ಪ್ಲಾಸ್ಟಿಕ್ ಲೇಪವೂ ಬೇಕಿಲ್ಲ. ಶಿವಮೊಗ್ಗ, ದಕ್ಷಿಣ ಕನ್ನಡದ ತೋಟದವರಿಗೆ ಹಾಳೆ ಹೊಸದೇನಲ್ಲ. ಕರಾವಳಿಯ ರೈತರು ಅದನ್ನೇ ಟೊಪ್ಪಿ ಮಾಡಿ ತಲೆಗಿಟ್ಟುಕೊಂಡವರು. ಥರ್ಮೋಕೋಲ್ ಮತ್ತು ಪ್ಲಾಸ್ಟಿಕ್ ತಟ್ಟೆಗಳಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ದೇಶಕ್ಕೆಲ್ಲ. ಹೊಳಪಿನ ಪೇಪರ್ ತಟ್ಟೆಯ ಮೇಲೂ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ, ಅದು ಮಣ್ಣಾಗದು.

ಆದರೆ ಊಟ ಮುಗಿದ ಮೇಲೆ ನಾವು ಮಾಡುವುದೇನು? ಹಾಳೆ ತಟ್ಟೆ, ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಉಳಿದ ಅನ್ನ ಎಲ್ಲವನ್ನೂ ಒಂದೇ ಕಪ್ಪು ಚೀಲಕ್ಕೆ ತುಂಬುತ್ತೇವೆ. ಅಲ್ಲಿಗೆ ಹಾಳೆಯ ಗುಣವೆಲ್ಲ ಮುಗಿಯಿತು. ಕಸದ ಗುಡ್ಡದಡಿ ಗಾಳಿಯಿಲ್ಲದೆ ಕೊಳೆತರೆ ಅದರಿಂದಲೂ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವೇ ಹೊರಡುವುದು. ಮಂಡೂರಿನ ಜನ ವರ್ಷಗಟ್ಟಲೆ ನಮ್ಮ ಬೆಂಗಳೂರಿನ ಕಸದ ನಾತ ಸಹಿಸಿದರು. ಅವರು ಬೀದಿಗಿಳಿದ ಮೇಲಷ್ಟೇ, 2014ರ ಕೊನೆಗೆ, ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು.

ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಮ್ಮ ಕೆರೆಯನ್ನು ಉಳಿಸಿಕೊಳ್ಳಲು ಅಲ್ಲಿಯ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟನ್ನೇ ಕಟ್ಟಿದರು. ಕೆರೆಯ ಸುತ್ತಮುತ್ತ ರಸ್ತೆಬದಿಗೆ ಎಸೆದದ್ದು, ಹಾಳೆಯೇ ಆಗಲಿ, ಮಳೆ ಬಂದರೆ ಚರಂಡಿ ಹಿಡಿದು ನೀರಿಗೇ ಇಳಿಯುತ್ತದೆ.

ಆದ್ದರಿಂದ ಹಬ್ಬದ ಊಟದ ಕೊನೆಯಲ್ಲಿ ಎರಡು ಬುಟ್ಟಿ ಇಟ್ಟು, ಪಕ್ಕದಲ್ಲಿ ಯುವಕರಿಬ್ಬರನ್ನು ನಿಲ್ಲಿಸಿ. ಹಾಳೆ ತಟ್ಟೆ ಹಸಿ ಕಸದ ಬುಟ್ಟಿಗೆ, ಬಾಟಲಿ ಇನ್ನೊಂದಕ್ಕೆ. ಮನೆಯಲ್ಲಿ ಗೊಬ್ಬರ ಮಾಡುವವರು ತಟ್ಟೆಯನ್ನು ನೆನೆಸಿ, ಚೂರು ಮಾಡಿ, ತರಕಾರಿ ಸಿಪ್ಪೆಯ ನಡುವೆ ಪದರವಾಗಿ ಹಾಕಬಹುದು. ಒಣ ಹಾಳೆ ತೇವ ಹೀರುವುದರಿಂದ ವಾಸನೆಯೂ ಕಡಿಮೆ.

ಇನ್ನೊಂದು ಮಾತು. ಅಡಿಕೆಯ ಕೆಲವು ಅಂಶಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ನನ್ನನ್ನು ಕೇಳಿದರೆ, ಐವತ್ತು ಜನರ ಊಟಕ್ಕೆ ಸ್ಟೀಲ್ ತಟ್ಟೆಯನ್ನು ಬಾಡಿಗೆಗೆ ತಂದು ತೊಳೆಯುವುದೇ ಮೇಲು. ಹಾಳೆ ತಟ್ಟೆ, ತೊಳೆಯಲು ನೀರೂ ಕೈಯೂ ಸಾಲದಷ್ಟು ಜನ ಸೇರುವ ದಿನಕ್ಕಿರಲಿ.