ಕೂತೇ ಓದಬೇಕೆಂದು ಯಾರು ಹೇಳಿದರು?

ಮಗು, ನಮ್ಮ ಮನೆಗಳಲ್ಲಿ ಓದುವ ಮಕ್ಕಳಿಗೆ ಸಿಗುವ ದೊಡ್ಡ ಹೊಗಳಿಕೆ ಯಾವುದು ಗೊತ್ತೇ? "ನಮ್ಮ ಹುಡುಗಿ ಕೂತರೆ ಏಳೋದೇ ಇಲ್ಲ, ಊಟಕ್ಕೂ ಕೂಗಿ ಕರೀಬೇಕು." ಬಂದ ನೆಂಟರ ಮುಂದೆ ತಾಯಿ ಹೀಗೆ ಹೇಳುತ್ತಾರೆ, ನೆಂಟರು ತಲೆದೂಗುತ್ತಾರೆ. ಒಳಕೋಣೆಯಲ್ಲಿ ಅದನ್ನು ಕೇಳಿಸಿಕೊಂಡ ಮಗು ಇನ್ನೊಂದು ಗಂಟೆ ಕುರ್ಚಿ ಬಿಟ್ಟು ಅಲ್ಲಾಡುವುದಿಲ್ಲ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರಾಗಿದ್ದವಳು ನಾನು. ಆ ಹೊಗಳಿಕೆಗೆ ಮಕ್ಕಳು ತೆರುವ ಬೆಲೆ ಏನೆಂದು ಅವರ ಬೆನ್ನು ನೋಡಿಯೇ ತಿಳಿದುಕೊಂಡಿದ್ದೇನೆ. ಎಂಟನೇ ತರಗತಿಯಲ್ಲಿ ಖೋಖೋ ಅಂಕಣದಲ್ಲಿ ಕೈಗೆ ಸಿಗದಂತೆ ಓಡುತ್ತಿದ್ದ ಹುಡುಗಿ ಎರಡನೇ ಪಿಯುಸಿಗೆ ಬರುವಷ್ಟರಲ್ಲಿ "ಮಿಸ್, ಕತ್ತು ಹಿಡ್ಕೊಂಡಿದೆ, ಸೊಂಟ ನೋವು" ಎನ್ನುತ್ತಾಳೆ. ಹದಿನೇಳನೇ ವಯಸ್ಸಿಗೆ ಆಡುವ ಮಾತೇ ಅದು?

ಈ ನೋವು ವಯಸ್ಸಿನದಲ್ಲ, ಕಾಯಿಲೆಯದೂ ಅಲ್ಲ. ಬಹುತೇಕ ಮಕ್ಕಳಲ್ಲಿ ಅದು ಅಲುಗಾಡದೆ ಕೂತದ್ದರ ನೋವು. ಅದಕ್ಕೇ ನಾನು ನಿನಗೆ "ನೆಟ್ಟಗೆ ಕೂತ್ಕೋ" ಎನ್ನುವುದಿಲ್ಲ, ಎದ್ದು ಓಡಾಡು ಎನ್ನುತ್ತೇನೆ.

ಯಾಕೆಂದು ಹೇಳುತ್ತೇನೆ, ಕೇಳು. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಒಂದರ ಮೇಲೊಂದು ಕೂತ ಮೂಳೆಗಳಿಂದ ನಿನ್ನ ಬೆನ್ನು ನಿಂತಿದೆ. ಅವುಗಳ ನಡುವೆ ಮೆತ್ತಗಿನ ಡಿಸ್ಕ್‌ಗಳಿವೆ. ಬೆಳೆದ ಮನುಷ್ಯನ ಡಿಸ್ಕ್‌ನ ಒಳಕ್ಕೆ ರಕ್ತನಾಳ ಹೋಗುವುದಿಲ್ಲ. ಅಕ್ಕಪಕ್ಕದಿಂದ ಒಸರಿ ಬರುವ ದ್ರವವೇ ಅದಕ್ಕೆ ಅನ್ನ ನೀರು. ನೀನು ಎದ್ದಾಗ, ಬಗ್ಗಿದಾಗ, ನಡೆದಾಗ ಅದರ ಮೇಲಿನ ಒತ್ತಡ ಏರಿಳಿದು ಆ ದ್ರವ ಒಳಗೂ ಹೊರಗೂ ಹರಿದಾಡುತ್ತದೆ. ಸ್ನಾಯುವಿನ ಕಥೆಯೂ ಇದೇ. ತಲೆಯನ್ನು ಮುಂದಕ್ಕೆ ಚಾಚಿ ಎರಡು ಗಂಟೆ ಕೂತರೆ, ಅದು ಬೀಳದಂತೆ ಹಿಡಿದಿಡಲು ಕತ್ತಿನ ಹಿಂದಿನ ಸ್ನಾಯುಗಳು ಅಷ್ಟೂ ಹೊತ್ತು ಬಿಗಿದೇ ಇರಬೇಕು. ಬಿಗಿದ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯದು. ರಾತ್ರಿ ಮಲಗುವಾಗ ಭುಜದ ಮೇಲೆ ಕಲ್ಲಿಟ್ಟಂತೆ ಅನಿಸುವುದು ಇದರಿಂದಲೇ.

ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಮನುಷ್ಯರ ಸೊಂಟದ ಡಿಸ್ಕ್‌ಗೆ ಸೂಜಿ ಹಾಕಿ ಒಳಗಿನ ಒತ್ತಡವನ್ನೇ ಅಳೆದರು. ನಿಂತಾಗಿನದಕ್ಕಿಂತ ಕೂತಾಗ ಒತ್ತಡ ಹೆಚ್ಚು, ಕೂತು ಮುಂದಕ್ಕೆ ಬಗ್ಗಿದರೆ ಇನ್ನೂ ಹೆಚ್ಚು ಎಂದು ಅವರಿಗೆ ಕಂಡಿತು. ಮುಂದೆ ಬಂದವರ ಅಳತೆಗಳಲ್ಲಿ ನಿಲ್ಲುವುದಕ್ಕೂ ಕೂರುವುದಕ್ಕೂ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಆದರೆ ಮುಂದೆ ಬಗ್ಗಿದಾಗ ಹೊರೆ ಏರುತ್ತದೆ ಎಂಬ ಮಾತು ಉಳಿಯಿತು.

ಹಾಗೆಂದು ಕೋಲು ನುಂಗಿದವರಂತೆ ಸೆಟೆದು ಕೂರುವುದೂ ಬೇಡ. ನಮ್ಮ ಕಾಲದ ಮೇಷ್ಟರು ಬೆನ್ನಿಗೊಂದು ಗುದ್ದು ಕೊಟ್ಟು "ನೆಟ್ಟಗೆ ಕೂರೋ" ಎನ್ನುತ್ತಿದ್ದರು. ಸೆಟೆದ ಬೆನ್ನೂ ಸ್ವಲ್ಪ ಹೊತ್ತಿಗೆ ದಣಿಯುತ್ತದೆ. ಎಲ್ಲ ಹೊತ್ತಿಗೂ ಎಲ್ಲರಿಗೂ ಒಪ್ಪುವ ಒಂದೇ ಒಂದು ಸರಿಯಾದ ಭಂಗಿ ಇದೆ ಎಂಬುದನ್ನು ಇವತ್ತಿನ ಫಿಸಿಯೋಥೆರಪಿ ತಿಳಿದವರು ಅಷ್ಟಾಗಿ ಒಪ್ಪುವುದಿಲ್ಲ. ಒರಗಿ ಕೂರು, ಮುಂದೆ ಜರುಗು, ಕಾಲು ಬದಲಿಸು. ಅರ್ಧ ಗಂಟೆಗೊಮ್ಮೆ ಪೂರ್ತಿ ಎದ್ದು ಎರಡು ನಿಮಿಷ ಓಡಾಡು.

"ಅರ್ಧ ಗಂಟೆಗೊಮ್ಮೆ ಎದ್ದರೆ ಗಮನ ಹೋಗುತ್ತೆ ಮಿಸ್" ಎನ್ನುತ್ತೀಯ, ಗೊತ್ತು. ಎದ್ದವಳು ಮೊಬೈಲ್ ಹಿಡಿದರೆ ಖಂಡಿತ ಹೋಗುತ್ತದೆ. ಪುಸ್ತಕ ಹಿಡಿದೇ ಏಳು. ಇತಿಹಾಸದ ಪಾಠವನ್ನು ತಾರಸಿಯ ಮೇಲೆ ನಡೆಯುತ್ತಾ ಓದು. ರಸಾಯನಶಾಸ್ತ್ರದ ಸಮೀಕರಣಗಳನ್ನು ಗೋಡೆಗೆ ಅಂಟಿಸಿ ನಿಂತು ಬಾಯಿಪಾಠ ಮಾಡು. ಗಣಿತಕ್ಕೆ ಮಾತ್ರ ಕೂರಲೇಬೇಕು, ಕೂತು ಮಾಡು. ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳದೆ ಅಡುಗೆಮನೆಯಲ್ಲೇ ಬಿಡು. ಬಾಯಾರಿಕೆಯೇ ನಿನ್ನನ್ನು ಎಬ್ಬಿಸುತ್ತದೆ. ತರಗತಿಯಲ್ಲಿ ಎರಡು ಪೀರಿಯಡ್‌ಗಳ ನಡುವೆ ಮೇಷ್ಟರು ಬರುವ ತನಕ ನಿಂತಿರು.

ಕೂರುವ ಜಾಗವನ್ನೂ ಸರಿ ಮಾಡಿಕೊ. ಇದಕ್ಕೆ ದುಡ್ಡು ಬೇಕಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂತು ನಿನ್ನ ಪಾದ ನೆಲ ಮುಟ್ಟದಿದ್ದರೆ ಕಾಲ ಕೆಳಗೆ ಒಂದು ಮಣೆಯನ್ನೋ ಎರಡು ಇಟ್ಟಿಗೆಯನ್ನೋ ಇಡು. ಸೊಂಟದ ಹಿಂದೆ ಟವೆಲ್ ಸುತ್ತಿ ಇಟ್ಟುಕೊ. ಮೇಜು ಮೊಣಕೈ ಮಟ್ಟಕ್ಕಿದ್ದರೆ ಬರೆಯುವಾಗ ಭುಜ ಕಿವಿಯ ಕಡೆಗೆ ಏರುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಓದುವ ಮಕ್ಕಳು ನಮ್ಮಲ್ಲಿ ಬಹಳ. ಅದೇನೂ ಕೆಟ್ಟದ್ದಲ್ಲ. ಆದರೆ ಪುಸ್ತಕವೂ ನೆಲದ ಮೇಲಿದ್ದರೆ ಬೆನ್ನು ಬಿಲ್ಲಾಗಲೇಬೇಕು. ಮಡಿಸಿದ ಕಂಬಳಿಯ ಮೇಲೆ ಕೂರು, ಸೊಂಟ ಮಂಡಿಗಿಂತ ತುಸು ಎತ್ತರಕ್ಕೆ ಬಂದು ಬೆನ್ನು ತಾನೇ ನಿಗುರುತ್ತದೆ. ಪುಸ್ತಕವನ್ನು ಎತ್ತರಿಸು. ಭಾರತ ವಾಚನ ಮಾಡುವವರು ಗ್ರಂಥವನ್ನು ವ್ಯಾಸಪೀಠದ ಮೇಲೆ ಇಟ್ಟು ಓದುವುದನ್ನು ನೋಡಿದ್ದೀಯಲ್ಲ? ಪುಟ ಕಣ್ಣಿಗೆ ಎದುರಾಗಿ ವಾಲಿರುತ್ತದೆ, ಓದುವವರ ಕತ್ತು ಅಷ್ಟಾಗಿ ಬಾಗುವುದಿಲ್ಲ. ಅಟ್ಟದ ಮೇಲೆ ಅಜ್ಜನ ವ್ಯಾಸಪೀಠ ಧೂಳು ತಿನ್ನುತ್ತಿದ್ದರೆ ಇಳಿಸಿಕೊ, ಭೌತಶಾಸ್ತ್ರದ ಪುಸ್ತಕವನ್ನೂ ಅದು ಚೆನ್ನಾಗಿಯೇ ಹಿಡಿಯುತ್ತದೆ. ಹಾಸ್ಟೆಲಿನಲ್ಲಿದ್ದರೆ ನಾಲ್ಕು ದಪ್ಪ ಪುಸ್ತಕ ಜೋಡಿಸಿ ಮೇಲೆ ರಟ್ಟು ಒರಗಿಸಿದರೂ ಆಯಿತು. ಮಂಚದ ಮೇಲೆ ಬೋರಲು ಮಲಗಿ ಗಂಟೆಗಟ್ಟಲೆ ಓದುವುದನ್ನು ಮಾತ್ರ ಬಿಡು. ಕತ್ತೂ ಸೊಂಟವೂ ಒಟ್ಟಿಗೆ ಹಿಂದಕ್ಕೆ ಮಡಿಚಿಕೊಂಡಿರುತ್ತವೆ.

ಇನ್ನೊಂದು ವಿಷಯ. ಎಷ್ಟು ಹೇಳಿದರೂ ಒಬ್ಬ ಹುಡುಗ ಪುಸ್ತಕಕ್ಕೆ ಮೂಗು ತಾಗಿಸಿಯೇ ಓದುತ್ತಾನೆ ಎಂದರೆ ನಾನು ಮೊದಲು ಕೇಳುತ್ತಿದ್ದುದು "ಬೋರ್ಡು ಕಾಣಿಸುತ್ತಾ?" ಎಂದು. ಕಣ್ಣಿನ ದೋಷ ಗೊತ್ತಾಗದೆ ಬೆನ್ನು ಬಗ್ಗಿಸುವ ಮಕ್ಕಳಿದ್ದಾರೆ. ಕನ್ನಡಕ ಬಂದ ಮೇಲೆ ಬೆನ್ನೂ ಏಳುತ್ತದೆ. ದೀಪವೂ ಹಾಗೆಯೇ. ಟ್ಯೂಬ್‌ಲೈಟ್ ಹಿಂದಿದ್ದರೆ ನಿನ್ನ ನೆರಳು ನಿನ್ನ ಪುಟದ ಮೇಲೇ ಬೀಳುತ್ತದೆ, ಕಾಣಲೆಂದು ಇನ್ನಷ್ಟು ಬಗ್ಗುತ್ತೀಯ. ಮೇಜನ್ನು ತಿರುಗಿಸಿಟ್ಟುಕೊ.

ಮೊಬೈಲಿನ ಬಗ್ಗೆ ನಿನಗೆ ಬೈಗುಳ ಸಾಕಷ್ಟು ಸಿಕ್ಕಿರುತ್ತದೆ, ನಾನು ಲೆಕ್ಕವನ್ನಷ್ಟೇ ಹೇಳುತ್ತೇನೆ. ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದಾಗ, ಕತ್ತನ್ನು 60 ಡಿಗ್ರಿ ಬಗ್ಗಿಸಿದರೆ ಅದರ ಮೇಲೆ ಬೀಳುವ ಹೊರೆ ಸುಮಾರು 27 ಕೆ.ಜಿ. ಎಂದು ಬಂತು. ಅದು ಲೆಕ್ಕವೇ ಹೊರತು ಜೀವಂತ ಕತ್ತಿನ ಅಳತೆಯಲ್ಲ, ಹೆದರಬೇಡ. ಆನ್‌ಲೈನ್ ಪಾಠವನ್ನು ತೊಡೆಯ ಮೇಲಿನ ಫೋನಿನಲ್ಲಿ ಕೇಳುವ ಬದಲು ಫೋನನ್ನು ಕಪಾಟಿನ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ನೀನೂ ನಿಂತು ಕೇಳು.

ಬ್ಯಾಗಿನ ಬಗ್ಗೆ ನಿಯಮಗಳಿವೆ. 2019ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ಒಂದು, ಎರಡನೇ ತರಗತಿಯ ಮಗುವಿನ ಬ್ಯಾಗು 2 ಕೆ.ಜಿ. ಮೀರಬಾರದು, ಒಂಬತ್ತು, ಹತ್ತರವರದು 5 ಕೆ.ಜಿ. ಮೀರಬಾರದು. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ ಎಂದೂ ಅದರಲ್ಲಿತ್ತು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಮಗುವಿನ ತೂಕದ ಶೇ. 10ಕ್ಕಿಂತ ಹೆಚ್ಚು ಬೇಡ ಎಂದಿತು. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡು. ಎರಡೂ ಪಟ್ಟಿ ಹೆಗಲಿಗೆ ಹಾಕು, ಭಾರದ ಪುಸ್ತಕ ಬೆನ್ನಿಗೆ ಅಂಟಿಕೊಂಡಂತಿರಲಿ, ಬಸ್ಸಿನಲ್ಲಿ ನಿಂತಾಗ ಕೆಳಗಿಳಿಸಿ ಕಾಲ ನಡುವೆ ಇಟ್ಟುಕೊ. ಆದರೆ ಬ್ಯಾಗಿನ ಭಾರವೊಂದೇ ಬೆನ್ನುನೋವು ತರುತ್ತದೆ ಎನ್ನಲು ಅಧ್ಯಯನಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ನನಗೂ ಅದು ಆಶ್ಚರ್ಯವಲ್ಲ. ಹೊತ್ತು ನಡೆಯುವ ಹದಿನೈದು ನಿಮಿಷಕ್ಕಿಂತ ಆಮೇಲೆ ಬೆಂಚಿನ ಮೇಲೆ ಕೂರುವ ಏಳು ಗಂಟೆಯೇ ನನಗೆ ಹೆಚ್ಚು ಚಿಂತೆ.

ಈಗ ಹೆಣ್ಣುಮಕ್ಕಳಿಗೆ ಒಂದು ಮಾತು, ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು. ಮೈ ಬೆಳೆಯುವ ವಯಸ್ಸಿನಲ್ಲಿ ಎದೆ ಕಾಣಬಾರದೆಂದು ನೀವು ಭುಜ ಮುಂದಕ್ಕೆ ತಂದು, ಪುಸ್ತಕವನ್ನು ಎದೆಗೆ ಅವುಚಿಕೊಂಡು ನಡೆಯುತ್ತೀರಿ. ಆರನೇ ತರಗತಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದ ಹುಡುಗಿ ಒಂಬತ್ತಕ್ಕೆ ಬರುವಾಗ ಕುಗ್ಗಿ ಹೋಗುವುದನ್ನು ಪ್ರಾರ್ಥನೆಯ ಸಾಲಿನಲ್ಲಿ ನೋಡಿ ನನ್ನ ಹೊಟ್ಟೆ ಉರಿದಿದೆ. ಮೈಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ತಾಯಿ. ಎದೆಯ ಮುಂದಿನ ಸ್ನಾಯು ಕುಗ್ಗಿ ಬಿಗಿದಾಗ ಭುಜದ ಹಿಂದೆ ಉರಿ ಶುರುವಾಗುತ್ತದೆ. ಸರಿಯಾದ ಅಳತೆಯ ಒಳಉಡುಪು ಕೊಡಿಸಲು ಅಮ್ಮನನ್ನು ಕೇಳು, ಕೇಳಲು ಸಂಕೋಚವಾದರೆ ಚಿಕ್ಕಮ್ಮನನ್ನೋ ನಿನ್ನ ಟೀಚರನ್ನೋ ಕೇಳು. ಬೇಗ ಉದ್ದವಾಗಿ ಬೆಳೆದು, ಗೆಳೆಯರ ನಡುವೆ ಎದ್ದು ಕಾಣಬಾರದೆಂದು ಗೂನು ಹಾಕುವ ಹುಡುಗರಿಗೂ ಇದೇ ಹೇಳುತ್ತೇನೆ. ಯಾರ ಕಣ್ಣಿಗೂ ಅಂಜಿ ನಿಮ್ಮ ಬೆನ್ನು ಬಾಗದಿರಲಿ.

ಬೆನ್ನನ್ನು ಗಟ್ಟಿ ಮಾಡುವುದು ಆಟವೇ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಮೈ ದಂಡಿಸಬೇಕು, ವಾರಕ್ಕೆ ಮೂರು ದಿನವಾದರೂ ಅದರಲ್ಲಿ ಸ್ನಾಯು ಬಲಪಡಿಸುವ ಕೆಲಸ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಬಂತೆಂದರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಪಿಯುಸಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಬೆಳಗಿನ ಕೋಚಿಂಗ್‌ನಿಂದ ರಾತ್ರಿಯ ಸ್ಟಡಿ ಅವರ್‌ವರೆಗೆ ಮಕ್ಕಳನ್ನು ಕೂರಿಸಿಡುವ ಕಾಲೇಜುಗಳನ್ನು ನಾನು ಒಪ್ಪುವುದಿಲ್ಲ. ಇದು ಮಕ್ಕಳಿಗೆ ಮಾಡುವ ಅನ್ಯಾಯ ಎಂದು ಪೋಷಕರ ಸಭೆಗಳಲ್ಲಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಅದು ಬದಲಾಗುವ ತನಕ ನಿನ್ನ ಆಟವನ್ನು ನೀನೇ ಉಳಿಸಿಕೊಳ್ಳಬೇಕು. ಸಂಜೆ ಕಬಡ್ಡಿಯೋ ಶಟಲ್ಲೋ ಹಗ್ಗದಾಟವೋ, ಯಾವುದಾದರೂ ಸರಿ. ಆಡಲು ಜಾಗವಿಲ್ಲದಿದ್ದರೆ ಕೋಣೆಯಲ್ಲೇ ಸೂರ್ಯನಮಸ್ಕಾರ ಮಾಡು, ಗರಡಿಯವರಂತೆ ಬಸ್ಕಿ ಹೊಡಿ. ಬೋರಲು ಮಲಗಿ ಭುಜಂಗಾಸನ, ಶಲಭಾಸನ ಮಾಡಿದರೆ ಇಡೀ ದಿನ ಮುಂದೆ ಬಾಗಿದ್ದ ಬೆನ್ನು ಹಿಂದಕ್ಕೂ ಬಾಗಿ ಬಲಗೊಳ್ಳುತ್ತದೆ. ಬಾಗಿಲ ಚೌಕಟ್ಟಿಗೆ ಎರಡೂ ಕೈ ಆನಿಸಿ ಒಂದು ಹೆಜ್ಜೆ ಮುಂದಿಟ್ಟರೆ ಎದೆ ತೆರೆದುಕೊಳ್ಳುತ್ತದೆ. ಕಷ್ಟವಾದದ್ದನ್ನು ತಿಳಿದವರಿಂದ ಕಲಿತು ಮಾಡು, ನೋವಾದರೆ ನಿಲ್ಲಿಸು.

ನಿದ್ದೆಯನ್ನು ಮಾತ್ರ ಓದಿಗೆ ಸಾಲ ಕೊಡಬೇಡ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವರಿಗೆ, ಪರೀಕ್ಷೆಯ ಭಯದಲ್ಲಿ ಬೇಯುತ್ತಿರುವವರಿಗೆ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ. ಆ ಭಯವನ್ನು ಯಾರಲ್ಲಾದರೂ ಹೇಳಿಕೊ. ಅದೂ ಬೆನ್ನಿನ ಆರೈಕೆಯೇ.

ನೋವು ಬಂದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಬರಿಹೊಟ್ಟೆಗೆ ನುಂಗಬೇಡ. ನೋವಿನ ಮಾತ್ರೆಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಹಾನಿ ತರಬಲ್ಲವು. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಲು ಬಿಡಬೇಡ. ಕತ್ತಿನೊಳಗೆ ಮಿದುಳಿಗೆ ಹೋಗುವ ರಕ್ತನಾಳಗಳಿವೆ. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಉಳುಕು ತುಳಿಸುವುದೂ ಬೇಡ, ಅಜ್ಜಿ ಎಷ್ಟೇ ಒತ್ತಾಯಿಸಲಿ. ಬೆನ್ನು ನೆಟ್ಟಗಾಗಿಸುತ್ತದೆ ಎಂದು ಮಾರುವ ಬೆಲ್ಟನ್ನು ವೈದ್ಯರು ಹೇಳದೆ ಕೊಳ್ಳಬೇಡ.

ಬಿಸಿನೀರಿನ ಶಾಖ, ಒಂದೆರಡು ದಿನ ಭಾರ ಎತ್ತದೆ ಹಗುರವಾಗಿ ಓಡಾಡುವುದು, ಇಷ್ಟಕ್ಕೇ ಹೆಚ್ಚಿನ ನೋವು ಇಳಿಯುತ್ತದೆ. ಇಳಿಯದೆ ಕೆಲವು ವಾರ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜೊತೆಗೆ ಜ್ವರ ಬಂದರೆ ಅಥವಾ ತೂಕ ಇಳಿದರೆ, ಬೆಳಿಗ್ಗೆ ಎದ್ದು ಅರ್ಧ ಗಂಟೆಯಾದರೂ ಬೆನ್ನು ಸೆಟೆದೇ ಇದ್ದರೆ ವೈದ್ಯರ ಬಳಿ ಹೋಗಲೇಬೇಕು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ದಿನ ಹೊರಡು. ಒಂದು ಭುಜ ಮೇಲೆ ಒಂದು ಕೆಳಗೆ ಕಂಡರೆ, ಮುಂದೆ ಬಗ್ಗಿ ನಿಂತಾಗ ಬೆನ್ನಿನ ಒಂದು ಬದಿ ಉಬ್ಬಿದರೆ, ಅದು ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ತಿರುಚಿಕೊಳ್ಳುವ ತೊಂದರೆ ಇರಬಹುದು. ಬ್ಯಾಗು ಹೊತ್ತದ್ದರಿಂದ, ತಪ್ಪಾಗಿ ಕೂತದ್ದರಿಂದ ಬರುವಂಥದ್ದಲ್ಲ ಅದು, ಬೈದು ತಿದ್ದಿಸುವಂಥದ್ದೂ ಅಲ್ಲ. ಬೇಗ ತೋರಿಸಿದಷ್ಟೂ ಚಿಕಿತ್ಸೆಗೆ ದಾರಿ ಹೆಚ್ಚು. ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಬಹುದು, ಖಾಸಗಿಗೆ ಹೋಗುವಷ್ಟು ದುಡ್ಡಿಲ್ಲ ಎಂದು ತಡ ಮಾಡಬೇಡ. ಹೋಗುವಾಗ ನೋವು ಎಂದಿನಿಂದ, ಯಾವ ಹೊತ್ತಿಗೆ, ಏನು ಮಾಡಿದರೆ ಹೆಚ್ಚು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಡಾಕ್ಟರು ಕೇಳಿದಾಗ ಅಮ್ಮನ ಮುಖ ನೋಡದೆ ನೀನೇ ಹೇಳು.